ಆಳ ಕಡಲಲ್ಲಿ ಚಿಪ್ಪು ಯಾಕೆ ಕರಗುತ್ತದೆ? ಚಿಟಿಕೆ ಸುಣ್ಣ, ಒಂದು ಬಾಟಲಿ ಸೋಡಾದಲ್ಲಿ ತೋರಿಸುವ ಬಗೆ

ನಾನು ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ 26 ವರ್ಷ ವಿಜ್ಞಾನ ಪಾಠ ಮಾಡಿದವಳು. ಕ್ಲಾಸಿನ ಅರ್ಧದಷ್ಟು ಮಕ್ಕಳು ಕಡಲ ಕರೆಯವರು. ಒಮ್ಮೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಪ್ಪ ಮಲ್ಪೆಯಲ್ಲಿ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ನಮ್ಮ ಕಡೆ ಮರುವಾಯಿ ಅಂದರೆ ತಿನ್ನುವ ಕಪ್ಪೆಚಿಪ್ಪು.

"ಟೀಚರೇ, ಕಡಲಲ್ಲಿ ಎಷ್ಟೊಂದು ಮರುವಾಯಿ, ಶಂಖ, ಕಣ್ಣಿಗೆ ಕಾಣದಂಥ ಸಣ್ಣ ಸಣ್ಣ ಚಿಪ್ಪಿನ ಜೀವಿಗಳು. ಎಲ್ಲ ಸತ್ತ ಮೇಲೆ ಚಿಪ್ಪು ತಳಕ್ಕೇ ಬೀಳೋದಲ್ವಾ? ಹಾಗಾದ್ರೆ ಇಷ್ಟು ವರ್ಷದಲ್ಲಿ ಕಡಲು ತುಂಬಿ ಹೋಗ್ಬೇಕಿತ್ತು."

ತುಂಬಾ ಆಳಕ್ಕೆ ಹೋದರೆ ಚಿಪ್ಪು ಕರಗಿ ಹೋಗುತ್ತದೆ ಅಂದೆ. ಅವನು ಬಿಡಲಿಲ್ಲ. "ಅಲ್ಲಿ ನೀರು ತುಂಬಾ ತಣ್ಣಗೆ ಅಂತ ನೀವೇ ಹೇಳಿದ್ರಿ. ತಣ್ಣೀರಲ್ಲಿ ಸಕ್ಕರೆನೇ ಸರಿ ಕರಗೋದಿಲ್ಲ. ಕಲ್ಲಿನಂಥ ಚಿಪ್ಪು ಹೇಗೆ ಕರಗ್ತದೆ?"

ಅವತ್ತು ನನ್ನ ಹತ್ತಿರ ಬಾಯಿಮಾತಿನ ಉತ್ತರ ಇತ್ತು, ಕಣ್ಣಿಗೆ ತೋರಿಸುವ ಉತ್ತರ ಇರಲಿಲ್ಲ. ಆಮೇಲೆ ವರ್ಷ ವರ್ಷ ಮಾಡಿ ನೋಡಿ ಒಂದು ದಾರಿ ಸಿಕ್ಕಿತು. ಎರಡು ಪೀರಿಯಡ್ ಸಾಕು. ಮನೆಯಲ್ಲಿ ಮಕ್ಕಳಿಗೆ ತೋರಿಸುವುದಾದರೆ ಒಂದು ಭಾನುವಾರ ಸಾಕು. ಆ ದಾರಿಯನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಸುಣ್ಣ ಅಂದರೆ ಯಾವ ಸುಣ್ಣ

ಕನ್ನಡದಲ್ಲಿ ನಾವು ಎಲ್ಲದಕ್ಕೂ ಸುಣ್ಣ ಅಂತಲೇ ಹೇಳುತ್ತೇವೆ. ಮಕ್ಕಳು ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಅದಕ್ಕೆ ನಾನು ಅಜ್ಜಿಮನೆಯ ಕತೆಯಿಂದ ಶುರು ಮಾಡುತ್ತೇನೆ.

ನನ್ನ ಅಜ್ಜಿಮನೆ ಸ್ವರ್ಣಾ ನದಿ ಕಡಲು ಸೇರುವ ಕಡೆ. ಹೊಳೆಯಲ್ಲಿ ಮುಳುಗಿ ತೆಗೆದ ಚಿಪ್ಪನ್ನು ರಾಶಿ ಹಾಕಿ, ಗೂಡಿನಲ್ಲಿ ಇದ್ದಿಲಿನ ಜೊತೆ ಪದರ ಪದರವಾಗಿ ಜೋಡಿಸಿ ಸುಡುತ್ತಿದ್ದರು. ಸುಟ್ಟ ಚಿಪ್ಪು ನೋಡಲು ಚಿಪ್ಪಿನ ಹಾಗೆಯೇ ಇರುತ್ತದೆ, ಆದರೆ ಕೈಯಲ್ಲಿ ಎತ್ತಿದರೆ ಹಗುರ. ಅದರಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹೊಗೆಯ ಜೊತೆ ಹೋಗಿಬಿಟ್ಟಿರುತ್ತದೆ. ಅದು ಸುಟ್ಟ ಸುಣ್ಣ. ಅದಕ್ಕೆ ನೀರು ಚಿಮುಕಿಸಿದರೆ ಚುಂಯ್ ಅಂತ ಸದ್ದು, ಆವಿ, ನೋಡುತ್ತಿದ್ದ ಹಾಗೆ ಬಿರಿದು ಹಿಟ್ಟಾಗುತ್ತದೆ. ಅದು ಅರಳಿದ ಸುಣ್ಣ. ಎಲೆ ಅಡಿಕೆಗೆ ಹಚ್ಚುವುದು ಇದೇ. ಗೋಡೆಗೆ ಬಳಿಯುವುದೂ ಇದೇ. ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಮೆಲ್ಲಗೆ ಎಳೆದುಕೊಂಡು ಮತ್ತೆ ಗಟ್ಟಿಯಾಗುತ್ತದೆ. ಅಂದರೆ ಮತ್ತೆ ಚಿಪ್ಪಿನ ವಸ್ತುವೇ ಆಗುತ್ತದೆ. ಆ ವಸ್ತುವಿನ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲು, ಹವಳ, ಮೊಟ್ಟೆಯ ಚಿಪ್ಪು, ಮರುವಾಯಿ ಚಿಪ್ಪು, ಎಲ್ಲ ಅದೇ.

ಈ ಬರಹದಲ್ಲಿ ಕರಗುವುದು ಯಾವುದು ಅಂದರೆ ಈ ಕಾರ್ಬೊನೇಟ್. ಕರಗಿಸುವುದು ಯಾವುದು ಅಂದರೆ, ಗೂಡಿನಿಂದ ಹೊಗೆಯ ಜೊತೆ ಹೋಯಿತಲ್ಲ, ಅದೇ ಕಾರ್ಬನ್ ಡೈಆಕ್ಸೈಡ್. ಇದನ್ನು ಮೊದಲೇ ಹೇಳಿಡಿ.

ಜೋಡಿಸಿಕೊಳ್ಳಬೇಕಾದ್ದು

ಬೀಡಾ ಅಂಗಡಿಯ ಬಿಳಿ ಸುಣ್ಣ ಒಂದು ಸಣ್ಣ ಡಬ್ಬಿ. ಎರಡು ಬಾಟಲಿ ಪ್ಲೇನ್ ಸೋಡಾ, ಚೆನ್ನಾಗಿ ತಣ್ಣಗಾದದ್ದು. ಲಿಂಬೆ ಹಾಕಿದ್ದು, ಸಿಹಿ ಇರುವುದು ಬೇಡ. ತೆಳ್ಳಗಿನ ಗಾಜಿನ ಲೋಟ ಎರಡು. ನಾಲ್ಕೈದು ಮರುವಾಯಿ ಚಿಪ್ಪು. ಕಲ್ಲುಪ್ಪು. ಖಾಲಿ ನೀರಿನ ಬಾಟಲಿ. ಐದೂವರೆ ಮೀಟರ್ ಕತ್ತದ ಹಗ್ಗ.

ಚಿಪ್ಪಿಗೋಸ್ಕರ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಚೀಲ ತುಂಬಿಸಿಕೊಂಡು ಬರಬೇಡಿ. ಅಲ್ಲಿನ ಬಿಳಿ ದಂಡೆ ಮರಳಿಗಿಂತ ಜಾಸ್ತಿ ಚಿಪ್ಪಿನಿಂದಲೇ ಆದದ್ದು, ಅದು ಅಲ್ಲೇ ಇರಲಿ. ಮರುವಾಯಿ ಪುಂಡಿ ಮಾಡಿದ ದಿನ ತೆಂಗಿನ ಬುಡಕ್ಕೆ ಬಿಸಾಡುವ ಚಿಪ್ಪನ್ನೇ ತೊಳೆದಿಟ್ಟುಕೊಳ್ಳಿ.

ಹಿಂದಿನ ರಾತ್ರಿಯೇ ಸುಣ್ಣದ ತಿಳಿ ಮಾಡಿಡಬೇಕು. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಸುಣ್ಣ ಹಾಕಿ ಕುಲುಕಿ, ಬಾಟಲಿಯ ಬಾಯಿ ಬಿಗಿಯಾಗಿ ಮುಚ್ಚಿಡಿ. ಬೆಳಿಗ್ಗೆ ಗಸಿ ಕೆಳಗೆ ಕೂತಿರುತ್ತದೆ. ಮೇಲಿನ ತಿಳಿಯನ್ನು ಅಲುಗಾಡಿಸದೆ ಬಗ್ಗಿಸಿ ತೆಳು ಬಟ್ಟೆಯಲ್ಲಿ ಸೋಸಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣು ಹಾಳಾಗಬಹುದು. ಬೆರೆಸುವ ಕೆಲಸ ದೊಡ್ಡವರದ್ದೇ. ಮಕ್ಕಳು ಒಂದು ಮಾರು ದೂರದಲ್ಲಿರಲಿ. ಅಕಸ್ಮಾತ್ ಕಣ್ಣಿಗೆ ಹಾರಿದರೆ ಕೂಡಲೇ ನೀರಿನಲ್ಲಿ ಬಹಳ ಹೊತ್ತು ತೊಳೆದು ಡಾಕ್ಟರ ಹತ್ತಿರ ಹೋಗಬೇಕು.

ಹಾಲಾಗಿ ಮತ್ತೆ ನೀರಾಗುವ ಲೋಟ

ಇದೇ ಮುಖ್ಯ ಪ್ರಯೋಗ. ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಲೋಟಕ್ಕೆ ಒಂದು ದೊಡ್ಡ ಚಮಚ ಸುಣ್ಣದ ತಿಳಿ ಹಾಕಿ. ಲೋಟದ ಹಿಂದೆ ಕಪ್ಪು ಕಾಗದ ನಿಲ್ಲಿಸಿ, ಇಲ್ಲದಿದ್ದರೆ ಬದಲಾವಣೆ ಸರಿಯಾಗಿ ಕಾಣುವುದಿಲ್ಲ. ಈಗ ಸೋಡಾ ಬಾಟಲಿ ತೆರೆದು ಒಂದು ಚಿಕ್ಕ ಚಮಚದಷ್ಟನ್ನು ತೊಟ್ಟು ತೊಟ್ಟಾಗಿ ಬಿಡಿ. ತೊಟ್ಟು ಬಿದ್ದ ಜಾಗದಲ್ಲಿ ಬಿಳಿ ಮೋಡ ಏಳುತ್ತದೆ. ಸ್ವಲ್ಪ ತಿರುಗಿಸಿ. ಲೋಟ ಪೂರ್ತಿ ಹಾಲಾಗುತ್ತದೆ. ಅರಳಿದ ಸುಣ್ಣಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಕ್ಕಿತು, ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಆ ಬಿಳಿ ಅಂದರೆ ನುಣ್ಣಗೆ ಅರೆದ ಚಿಪ್ಪು ಅಂತಲೇ ತಿಳಿಯಿರಿ.

ಇಲ್ಲಿ ಒಂದು ನಿಮಿಷ ನಿಲ್ಲಿಸಿ, ಮಕ್ಕಳನ್ನು ಕೇಳಿ: ಇನ್ನೂ ಸೋಡಾ ಹಾಕಿದರೆ ಏನಾಗುತ್ತದೆ? "ಇನ್ನೂ ಬೆಳ್ಳಗಾಗ್ತದೆ" ಅಂತ ಹೆಚ್ಚಿನವರು ಹೇಳುತ್ತಾರೆ. ನಾಲ್ಕೈದು ದೊಡ್ಡ ಚಮಚ ಸೋಡಾ ಹಾಕಿ, ಮೆಲ್ಲಗೆ ತಿರುಗಿಸಿ, ಕಾಯಿರಿ. ಹಾಲು ತೆಳ್ಳಗಾಗುತ್ತದೆ. ಮಜ್ಜಿಗೆಯ ನೀರಿನಷ್ಟಾಗುತ್ತದೆ. ಆಮೇಲೆ ಹಿಂದಿನ ಕಪ್ಪು ಕಾಗದ ಹಾಗೇ ಕಾಣುತ್ತದೆ. ಬಿಳಿ ಹೋಯಿತು. ಪ್ರತಿ ವರ್ಷ ಈ ಹೊತ್ತಿಗೆ ಕ್ಲಾಸು ತನ್ನಷ್ಟಕ್ಕೆ ಸುಮ್ಮನಾಗುತ್ತದೆ. ನನಗೂ ಪ್ರತಿ ಸಲ ಮೈ ಜುಂ ಅನ್ನುತ್ತದೆ, ಯಾಕೆಂದರೆ ನಾಲ್ಕು ಸಾವಿರ ಮೀಟರ್ ಕೆಳಗೆ, ಕತ್ತಲಲ್ಲಿ ನಡೆಯುವುದು ಇದೇ ಕೆಲಸ.

ಏನಾಯಿತು? ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಇದ್ದಾಗ ಕಾರ್ಬೊನೇಟ್ ಹುಟ್ಟಿತು. ಅದೇ ಅನಿಲ ಜಾಸ್ತಿಯಾದಾಗ, ಅದು ನೀರಿನ ಜೊತೆ ಸೇರಿ ಆ ಕಾರ್ಬೊನೇಟನ್ನೇ ಹಿಡಿದು ಬೈಕಾರ್ಬೊನೇಟ್ ಮಾಡಿಬಿಟ್ಟಿತು. ಕ್ಯಾಲ್ಸಿಯಂ ಬೈಕಾರ್ಬೊನೇಟ್ ನೀರಿನಲ್ಲಿ ಕರಗಿಯೇ ಇರುತ್ತದೆ, ಗಟ್ಟಿಯಾಗಿ ಕೂರುವುದಿಲ್ಲ.

ಈಗ ಹುಡುಗನ ಸಕ್ಕರೆ ಪ್ರಶ್ನೆ. ತಿಳಿಯಾದ ಆ ನೀರನ್ನು ಸಣ್ಣ ಸ್ಟೀಲ್ ಪಾತ್ರೆಗೆ ಸುರಿದು ಒಲೆಯ ಮೇಲಿಡಿ. ಮೊದಲು ಗುಳ್ಳೆ ಏಳುತ್ತದೆ, ಅನಿಲ ಬಿಟ್ಟು ಹೋಗುತ್ತದೆ. ಚೆನ್ನಾಗಿ ಕುದಿಯಲು ಬಿಟ್ಟರೆ ನೀರು ಮತ್ತೆ ಮಸುಕಾಗುತ್ತದೆ, ಪಾತ್ರೆಯ ಅಂಚಿಗೆ ಬಿಳಿ ಪುಡಿ ಹಿಡಿಯುತ್ತದೆ. ಸಕ್ಕರೆ ಬಿಸಿಗೆ ಕರಗುತ್ತದೆ, ಇದು ಬಿಸಿಗೆ ಹೊರಗೆ ಬರುತ್ತದೆ. ಬೆಂಗಳೂರಿನಲ್ಲಿರುವ ನೆಂಟರ ಮನೆಯ ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟಿರುವುದನ್ನು ನೋಡಿದ್ದೀರಲ್ಲ, ಬೋರ್‌ವೆಲ್ ನೀರಿನಿಂದ ಬಂದದ್ದು, ಅದೂ ಇದೇ. ನಮ್ಮ ಮುರಕಲ್ಲಿನ ಬಾವಿಯ ನೀರು ಮೆದು. ಹಾಗಾಗಿ ನಮ್ಮ ಮಕ್ಕಳು ಆ ಪದರ ಜಾಸ್ತಿ ನೋಡಿರುವುದಿಲ್ಲ.

ಅನಿಲದ ಮಾತು ಬಿಟ್ಟರೂ, ಕ್ಯಾಲ್ಸಿಯಂ ಕಾರ್ಬೊನೇಟಿನ ಸ್ವಭಾವವೇ ಹಾಗೆ: ತಣ್ಣಗಿದ್ದಷ್ಟೂ ಸ್ವಲ್ಪ ಜಾಸ್ತಿ ಕರಗುತ್ತದೆ. ಅದರ ಮೇಲೆ ತಣ್ಣೀರು ಅನಿಲವನ್ನೂ ಜಾಸ್ತಿ ಹಿಡಿದಿಟ್ಟುಕೊಳ್ಳುತ್ತದೆ. ತಂಪು ಸೋಡಾ ತೆರೆದಾಗ ಮೆಲ್ಲಗೆ ಗುಳ್ಳೆ ಬರುತ್ತದೆ, ಬಿಸಿಲಲ್ಲಿಟ್ಟ ಸೋಡಾ ಉಕ್ಕಿ ಮೈಮೇಲೆ ಬರುತ್ತದೆ, ಅಲ್ವಾ? ಆಳ ಕಡಲಿನ ನೀರು 1ರಿಂದ 4 ಡಿಗ್ರಿ ಅಷ್ಟೇ.

ವಿನೆಗರ್ ಬೇಡ

ಮೊದಲ ಎರಡು ವರ್ಷ ನಾನು ಚಿಪ್ಪನ್ನು ವಿನೆಗರಿನಲ್ಲಿ ಹಾಕಿ ತೋರಿಸಿದೆ. ನೊರೆ ಬರುತ್ತದೆ, ಚಿಪ್ಪು ಬೇಗ ಕರಗುತ್ತದೆ, ಮಕ್ಕಳಿಗೆ ಖುಷಿ. ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಬರೆದದ್ದು "ಕಡಲಿನ ತಳದಲ್ಲಿ ಆಸಿಡ್ ಇರುತ್ತದೆ" ಅಂತ. ಅದು ಪೂರ್ತಿ ತಪ್ಪು, ಮತ್ತು ಆ ತಪ್ಪನ್ನು ಕಲಿಸಿದವಳು ನಾನೇ. ಪಿಎಚ್ ಅಂದರೆ ನೀರು ಎಷ್ಟು ಆಸಿಡ್ ಅಂತ ಹೇಳುವ ಅಂಕೆ, ಏಳಕ್ಕಿಂತ ಕಡಿಮೆಯಾದರೆ ಆಸಿಡ್. ಕಡಲಿನ ಮೇಲ್ಮೈ ನೀರಿನ ಪಿಎಚ್ ಸುಮಾರು 8.1. ಶಾಂತ ಸಾಗರದ ಆಳದಲ್ಲೂ ಅದು 7.5, 7.6ರ ಆಸುಪಾಸಿನಲ್ಲಿರುತ್ತದೆ. ಏಳಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆಸಿಡ್ ಅಲ್ಲದ ನೀರಿನಲ್ಲೂ ಚಿಪ್ಪು ಕರಗುತ್ತದೆ, ವಿಷಯ ಇರುವುದೇ ಇಲ್ಲಿ.

ಹೇಗೆ? ಚಿಪ್ಪು ಎರಡು ಭಾಗದ್ದು, ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್. ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳ, ಲೀಟರಿಗೆ 400 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ, ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ. ಕಡಿಮೆ ಇರುವುದು ಕಾರ್ಬೊನೇಟ್. ಮೇಲಿನ ಬೆಚ್ಚಗಿನ ನೀರಿನಲ್ಲಿ ಅದು ಬೇಕಾದಷ್ಟಿದೆ. ಎಷ್ಟೆಂದರೆ ನೀರು ಹಿಡಿಯಬಹುದಾದ ಅಳತೆಗಿಂತ ಕೆಲವು ಪಟ್ಟು ಜಾಸ್ತಿ. ಅಲ್ಲಿ ಚಿಪ್ಪಿಗೆ ಭಯವಿಲ್ಲ. ಕೆಳಗೆ ಹೋದ ಹಾಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತದೆ, ಅದು ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡುತ್ತಾ ಹೋಗುತ್ತದೆ. ನೀರಿನಲ್ಲಿ ಕಾರ್ಬೊನೇಟ್ ಕೊರತೆಯಾದಾಗ ಚಿಪ್ಪು ತನ್ನದನ್ನು ಬಿಟ್ಟುಕೊಡುತ್ತದೆ. ಕರಗುವುದು ಅಂದರೆ ಇದೇ.

ವಿನೆಗರಿನ ಬದಲು ಹೀಗೆ ಮಾಡಿ. ಮರುವಾಯಿ ಚಿಪ್ಪನ್ನು ಸಣ್ಣ ಚೂರು ಮಾಡಿ ಒಣಗಿಸಿ. ಇನ್ನೊಂದು ತಣ್ಣಗಿನ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ಒಂದೊಂದೇ ಚೂರು ಹಾಕಿ. ಒಟ್ಟಿಗೆ ಸುರಿದರೆ ಉಕ್ಕಿ ಚೆಲ್ಲುತ್ತದೆ. ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿನಲ್ಲಿಡಿ. ಅಂಥದೇ ಚೂರುಗಳನ್ನು ಬಾವಿ ನೀರು ತುಂಬಿದ ಬಾಟಲಿಯಲ್ಲೂ ಹಾಕಿ ಪಕ್ಕದಲ್ಲಿಡಿ. ನಾಲ್ಕು ದಿನ ಬಿಟ್ಟು ತೆಗೆದು ಒಣಗಿಸಿ, ಎರಡನ್ನೂ ಬೆಳಕಿಗೆ ಹಿಡಿಯಿರಿ. ಬಾವಿ ನೀರಿನದ್ದರ ಒಳಮೈ ಇನ್ನೂ ನುಣ್ಣಗೆ ಮಿಂಚುತ್ತದೆ. ಸೋಡಾದಲ್ಲಿದ್ದದ್ದು ಮಂಕು. ಉಗುರಿನಿಂದ ಕೆರೆದರೆ ಸೀಮೆಸುಣ್ಣದ ಹಾಗೆ ಪುಡಿ ಅಂಟುತ್ತದೆ, ಒಡೆದ ಚೂಪು ಅಂಚುಗಳು ಮೊಂಡಾಗಿರುತ್ತವೆ. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಸಿಕ್ಕಿದರೆ ಮೊದಲೂ ಆಮೇಲೂ ತೂಗಿ ಬರೆದಿಡಿ. ಕಣ್ಣಿಗಿಂತ ತಕ್ಕಡಿಯನ್ನು ನಂಬುವುದು ಒಳ್ಳೆಯದು.

ಆಳದಲ್ಲಿ ಆ ಅನಿಲ ಎಲ್ಲಿಂದ ಬಂತು

"ಕೆಳಗೆ ಯಾರು ಸೋಡಾ ಸುರಿದ್ರು ಟೀಚರೇ?" ಅಂತ ಒಬ್ಬಳು ಕೇಳಿದ್ದಳು. ಸರಿಯಾದ ಪ್ರಶ್ನೆ.

ಜೂನ್ ತಿಂಗಳಲ್ಲಿ ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸನ್ನು ನೆನಪಿಸಿಕೊಳ್ಳಿ. ಜಡಿಮಳೆ, ಕಿಟಕಿಯ ಪರದೆ ಎಲ್ಲ ಇಳಿಸಿದ್ದಾರೆ, ಒಳಗೆ ಎಪ್ಪತ್ತು ಜನ. ಪಡುಬಿದ್ರಿ ಮುಟ್ಟುವ ಮೊದಲೇ ಉಸಿರು ಕಟ್ಟಿದ ಹಾಗಾಗುತ್ತದೆ. ಎಲ್ಲರೂ ಉಸಿರು ಬಿಡುತ್ತಾರೆ, ಹೊಸ ಗಾಳಿ ಬರುವುದಿಲ್ಲ. ಆಳ ಕಡಲೂ ಹೀಗೆ ಕಿಟಕಿ ಮುಚ್ಚಿದ ಜಾಗ. ಬಿಸಿಲು ತಲುಪುವುದು ಮೇಲಿನ 200 ಮೀಟರ್ ವರೆಗೆ. ಅಲ್ಲಿನ ಸೂಕ್ಷ್ಮ ಸಸ್ಯಗಳು ಕಾರ್ಬನ್ ಡೈಆಕ್ಸೈಡ್ ತೆಗೆದುಕೊಂಡು ಬೆಳೆಯುತ್ತವೆ. ಸತ್ತ ಮೇಲೆ ಅವೂ, ಅವನ್ನು ತಿಂದವುಗಳ ಹಿಕ್ಕೆಯೂ ಕೆಳಗೆ ಬೀಳುತ್ತವೆ. ಕೆಳಗಿನ ಬ್ಯಾಕ್ಟೀರಿಯಾ ಅದನ್ನು ತಿಂದು ಉಸಿರಾಡುತ್ತವೆ. ಅನಿಲವನ್ನು ವಾಪಸ್ ತೆಗೆದುಕೊಳ್ಳಲು ಕತ್ತಲಲ್ಲಿ ಸಸ್ಯವಿಲ್ಲ. ಅದು ಕೂಡುತ್ತಲೇ ಹೋಗುತ್ತದೆ.

ಈ ಬಸ್ಸು ಎಷ್ಟು ಹೊತ್ತು ಮುಚ್ಚಿರುತ್ತದೆ ಗೊತ್ತಾ? ಉತ್ತರ ಅಟ್ಲಾಂಟಿಕ್‌ನಲ್ಲಿ ತಣ್ಣಗಾಗಿ ಮುಳುಗಿದ ನೀರು ದಕ್ಷಿಣಕ್ಕೆ ಹರಿದು, ಹಿಂದೂ ಮಹಾಸಾಗರ, ಶಾಂತ ಸಾಗರದ ತಳಕ್ಕೆ ಹೋಗಿ ಮುಟ್ಟಲು ಸಾವಿರ ವರ್ಷದಷ್ಟು ಬೇಕು. ದಾರಿ ಉದ್ದಕ್ಕೂ ಉಸಿರು ಸೇರುತ್ತಾ ಹೋಗುತ್ತದೆ. ಅದಕ್ಕೇ ಅಟ್ಲಾಂಟಿಕ್‌ನಲ್ಲಿ ಸುಮಾರು 5,000 ಮೀಟರ್ ವರೆಗೆ ತಳದಲ್ಲಿ ಚಿಪ್ಪಿನ ಕೆಸರು ಉಳಿಯುತ್ತದೆ, ಶಾಂತ ಸಾಗರದಲ್ಲಿ 4,200ರಿಂದ 4,500 ಮೀಟರಿನಲ್ಲೇ ಮುಗಿಯುತ್ತದೆ.

ಭಾರ

ಇದು ಕಲಿಸಲು ಕಷ್ಟದ ಭಾಗ. ಸೋಡಾ ಬಾಟಲಿಯಲ್ಲೂ ಒತ್ತಡ ಇದೆ, ಕಡಲಲ್ಲೂ ಒತ್ತಡ ಇದೆ, ಎರಡೂ ಒಂದೇ ಅಂತ ಹೇಳಿಬಿಡುವುದು ಸುಲಭ. ಆದರೆ ಎರಡೂ ಬೇರೆ. ಬಾಟಲಿಯ ಒತ್ತಡ ಅನಿಲ ಹೊರಗೆ ಹೋಗದ ಹಾಗೆ ತಡೆಯುತ್ತದೆ. ಕಡಲಿನ ಭಾರ ಚಿಪ್ಪಿನ ಮೇಲೇ ಕೆಲಸ ಮಾಡುತ್ತದೆ. ಅದಕ್ಕೆ ಕಲ್ಲುಪ್ಪಿನ ಪ್ರಯೋಗ.

ಖಾಲಿ ಅರ್ಧ ಲೀಟರ್ ಬಾಟಲಿಗೆ 100 ಗ್ರಾಂ ಕಲ್ಲುಪ್ಪು ಹಾಕಿ, ಕತ್ತಿನ ವರೆಗೆ ಮೆಲ್ಲಗೆ ನೀರು ತುಂಬಿಸಿ. ತಳವನ್ನು ತಟ್ಟಿ ತಟ್ಟಿ ಉಪ್ಪಿನ ನಡುವಿನ ಗಾಳಿಗುಳ್ಳೆ ಹೊರಡಿಸಿ, ಕಡಿಮೆಯಾದಷ್ಟು ನೀರು ಮತ್ತೆ ತುಂಬಿಸಿ, ಪೆನ್ನಿನಿಂದ ಗೆರೆ ಎಳೆಯಿರಿ. ಮುಚ್ಚಳ ಹಾಕಿ, ಉಪ್ಪು ಪೂರ್ತಿ ಕರಗುವ ತನಕ ತಲೆಕೆಳಗೆ ಮಾಡುತ್ತಾ ಇರಿ. ನಿಲ್ಲಿಸಿ ನೋಡಿದರೆ ನೀರು ಗೆರೆಗಿಂತ ಸ್ಪಷ್ಟವಾಗಿ ಕೆಳಗೆ ಇಳಿದಿರುತ್ತದೆ. ಒಂದು ತೊಟ್ಟೂ ಚೆಲ್ಲಿಲ್ಲ. ಹಾಗಾದರೆ ಆ ಜಾಗ ಎಲ್ಲಿ ಹೋಯಿತು? ಉಪ್ಪಿನ ಕಣಗಳು ಬಿಡಿಬಿಡಿಯಾದಾಗ ನೀರಿನ ಕಣಗಳು ಅವುಗಳ ಸುತ್ತ ಒತ್ತಾಗಿ ಕೂರುತ್ತವೆ. ಉಪ್ಪು ಬೇರೆ, ನೀರು ಬೇರೆ ಆಗಿದ್ದಾಗ ಬೇಕಾದಷ್ಟು ಜಾಗ ಕರಗಿದಾಗ ಬೇಡ.

ಕ್ಯಾಲ್ಸಿಯಂ ಕಾರ್ಬೊನೇಟ್ ಈ ವಿಷಯದಲ್ಲಿ ಉಪ್ಪಿಗಿಂತ ಮುಂದೆ. ಅದು ಕರಗಿದಾಗ ಅದು ಹಿಡಿದಿದ್ದ ಜಾಗ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಈಗ ಮೇಲಿನಿಂದ ಭಾರ ಹಾಕಿ. ಕಡಲಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 4,000 ಮೀಟರಿನಲ್ಲಿ 400 ಪಟ್ಟು. ಅಷ್ಟು ಭಾರ ಬಿದ್ದಾಗ ಕಡಿಮೆ ಜಾಗ ಹಿಡಿಯುವ ಸ್ಥಿತಿಯೇ ಗೆಲ್ಲುತ್ತದೆ, ಅಂದರೆ ಕರಗಿದ ಸ್ಥಿತಿ. ಬೇರೇನೂ ಬದಲಾಗದೆ, ಭಾರ ಒಂದರಿಂದಲೇ ಅಷ್ಟು ಆಳದಲ್ಲಿ ಚಿಪ್ಪಿನ ಕರಗುವ ಗುಣ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಹಗ್ಗ ಇಳಿಬಿಡುವುದು

ನಮ್ಮ ಶಾಲೆಯ ಮಹಡಿಯ ಜಗಲಿಯಿಂದ ಕತ್ತದ ಹಗ್ಗ ಇಳಿಬಿಡುತ್ತೇವೆ. ಮನೆಯಲ್ಲಾದರೆ ತಾರಸಿ, ಇಲ್ಲದಿದ್ದರೆ ಅಂಗಳದಲ್ಲಿ ಉದ್ದಕ್ಕೆ ಹಾಸಿದರೂ ಆದೀತು. ಲೆಕ್ಕ: ಒಂದು ಸೆಂಟಿಮೀಟರ್ ಅಂದರೆ ಹತ್ತು ಮೀಟರ್ ಕಡಲು. ಬಣ್ಣದ ಬಟ್ಟೆಯ ಚೂರು ಕಟ್ಟುತ್ತಾ ಹೋಗಬೇಕು.

ನವ ಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗಿಗೆ ಬೇಕಾದ ಆಳ 15 ಮೀಟರ್ ಆಸುಪಾಸು, ಅಂದರೆ ಒಂದೂವರೆ ಸೆಂಟಿಮೀಟರ್. ಆ ಹುಡುಗ ತನ್ನ ಅಪ್ಪ 60 ಮಾರು ನೀರಿನಲ್ಲಿ ಬಲೆ ಬಿಡುತ್ತಾರೆ ಅಂದ. ಸುಮಾರು 110 ಮೀಟರ್. ಅವನೇ ಬಂದು 11 ಸೆಂಟಿಮೀಟರಿಗೆ ಕೆಂಪು ಬಟ್ಟೆ ಕಟ್ಟಿದ. ಆಮೇಲೆ ಕೆಳಗೆ ನೇತಾಡುತ್ತಿದ್ದ ಉಳಿದ ಹಗ್ಗವನ್ನು ಬಗ್ಗಿ ನೋಡಿದ. ನಾವು ಕಡಲು ಅಂತ ಕರೆಯುವುದೆಲ್ಲ ಒಂದು ಗೇಣಿನೊಳಗೇ ಮುಗಿದಿತ್ತು.

20 ಸೆಂಟಿಮೀಟರಿಗೆ ಬಿಸಿಲಿನ ಗಂಟು. ಅಲ್ಲಿಂದ ಒಂದು ಮೀಟರಿಗಿಂತ ಸ್ವಲ್ಪ ಕೆಳಗಿನ ತನಕ ಅರಬ್ಬೀ ಸಮುದ್ರದಲ್ಲಿ ಆಮ್ಲಜನಕ ಬಹಳ ಕಡಿಮೆ ಇರುವ ಪದರ. ಉಸಿರು ಖರ್ಚಾದ ಗುರುತು ಅದು. 3.7 ಮೀಟರಿನ ಹತ್ತಿರ ಒಂದು ಚಿಪ್ಪಿನ ಚೂರು ಕಟ್ಟಿ, ಅದರ ಕತೆ ಹೇಳಿ. ಮೆಲ್ವಿನ್ ಪೀಟರ್ಸನ್ ಅನ್ನುವ ವಿಜ್ಞಾನಿ ನಿಜವಾಗಿಯೂ ಶಾಂತ ಸಾಗರದಲ್ಲಿ ಹೀಗೇ ಮಾಡಿದರು. ಕ್ಯಾಲ್ಸೈಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳು ರೂಪ, ಅದರ ಗುಂಡುಗಳನ್ನು ತೂಗಿ, ಬೇರೆ ಬೇರೆ ಆಳದಲ್ಲಿ ನೇತು ಹಾಕಿ, ಕೆಲವು ತಿಂಗಳ ಮೇಲೆ ಎತ್ತಿ ಮತ್ತೆ ತೂಗಿದರು. ಫಲಿತಾಂಶ ಪ್ರಕಟವಾದದ್ದು 1966ರಲ್ಲಿ. ಮೇಲಿನ ಗುಂಡುಗಳು ಅಷ್ಟೇನೂ ಸವೆದಿರಲಿಲ್ಲ. ಸುಮಾರು 3,700 ಮೀಟರಿನಿಂದ ಕೆಳಗೆ ಸವೆತ ಒಮ್ಮೆಲೇ ಜಾಸ್ತಿ. ಕರಗುವಿಕೆ ಜೋರಾಗುವ ಈ ಆಳಕ್ಕೆ ವುಲ್ಫ್‌ಗ್ಯಾಂಗ್ ಬರ್ಗರ್ ಲೈಸೊಕ್ಲೈನ್ ಅಂತ ಹೆಸರಿಟ್ಟರು. ಅದಕ್ಕೂ ಬಹಳ ಮೊದಲು, 1872ರಿಂದ 1876ರ ತನಕ ಸಾಗರ ಸುತ್ತಿದ ಚಾಲೆಂಜರ್ ಹಡಗಿನವರು ತಳದ ಕೆಸರು ಎತ್ತಿ ನೋಡಿದ್ದರು. ಕಡಿಮೆ ಆಳದಲ್ಲಿ ಬಿಳಿ ಚಿಪ್ಪಿನ ಕೆಸರು, ತೀರಾ ಆಳದಲ್ಲಿ ಕೆಂಪು ಜೇಡಿ. ಚಿಪ್ಪು ಎಲ್ಲ ಕಡೆ ಬೀಳುತ್ತದೆ, ಆಳದಲ್ಲಿ ಉಳಿಯುವುದಿಲ್ಲ ಅಂತ ಆಗಲೇ ಗೊತ್ತಾಯಿತು.

4.2ರಿಂದ 5 ಮೀಟರ್ ನಡುವೆ ಕೊನೆಯ ಗಂಟು. ಇದನ್ನು ವಿವರಿಸಲು ನಾನು ಆಲಿಕಲ್ಲು ಮಳೆಯನ್ನು ಬಳಸುತ್ತೇನೆ. ಏಪ್ರಿಲ್‌ನಲ್ಲಿ ಅಂಗಳಕ್ಕೆ ಆಲಿಕಲ್ಲು ಬೀಳುತ್ತದೆ. ಬಿದ್ದದ್ದಕ್ಕಿಂತ ಬೇಗ ಕರಗಿದರೆ ಅಂಗಳ ಬರಿದೇ. ಕರಗುವುದಕ್ಕಿಂತ ಜಾಸ್ತಿ ಬಿದ್ದರೆ ರಾಶಿ. ಬೀಳುವುದೂ ಕರಗುವುದೂ ಸರಿಸಮ ಆಗುವ ಒಂದು ಆಳ ಕಡಲಲ್ಲಿದೆ. ಅದರ ಕೆಳಗೆ ಬಿಳಿ ಕೆಸರಿಲ್ಲ. ಚಿಪ್ಪು ಇಳಿಯುವ ದಾರಿಯಲ್ಲೇ ಎಲ್ಲ ಮಾಯವಾಗುತ್ತದೆ ಅಂತ ಮಕ್ಕಳು ತಿಳಿಯಬಾರದು. ಇಳಿಯುವುದು ಕೆಲವು ದಿನ, ವಾರಗಳ ಮಾತು. ಜಾಸ್ತಿ ಕರಗುವುದು ತಳದಲ್ಲಿ ಬಿದ್ದುಕೊಂಡಿರುವಾಗ.

ಅರಬ್ಬೀ ಸಮುದ್ರದ ಅತಿ ಆಳದ ಜಾಗ 4,600 ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನಮ್ಮ ಕಡಲಿನ ಹೆಚ್ಚಿನ ತಳ ಆ ಗೆರೆಗಿಂತ ಮೇಲೇ ಇದೆ. ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೊತ್ತ ಮಂಜಿಗಳು ಲಕ್ಷದ್ವೀಪಕ್ಕೆ ಹೋಗುತ್ತವಲ್ಲ, ಆ ದ್ವೀಪಗಳು ಪೂರ್ತಿ ಹವಳದ ಸುಣ್ಣ, ಕಡಲೊಳಗಿನ ಬೆಟ್ಟದ ಸಾಲಿನ ತಲೆಯ ಮೇಲೆ ಕೂತಿವೆ. ಆ ಎತ್ತರದಲ್ಲಿ ಸುಣ್ಣಕ್ಕೆ ಅಪಾಯವಿಲ್ಲ.

ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ತುಂಬಾ ಹತ್ತಿರದ್ದು. 1986ರಿಂದ ಭಾರತ ಮತ್ತು ಜರ್ಮನಿಯ ವಿಜ್ಞಾನಿಗಳು ಸೇರಿ ಅರಬ್ಬೀ ಸಮುದ್ರದ ಆಳದಲ್ಲಿ ಬೀಳುವ ಕಣ ಹಿಡಿಯುವ ಆಲಿಕೆಯಂಥ ಬುಟ್ಟಿಗಳನ್ನು ಇಳಿಬಿಟ್ಟರು. ಮುಂಗಾರಿನಲ್ಲಿ ಜಾಸ್ತಿ ಬಿತ್ತು. ಗಾಳಿ ನೀರನ್ನು ಕಲಕಿ ಕೆಳಗಿನ ಪೋಷಕಾಂಶ ಮೇಲೆ ತರುತ್ತದೆ, ಸೂಕ್ಷ್ಮ ಜೀವಿಗಳು ಹೆಚ್ಚುತ್ತವೆ, ಚಿಪ್ಪಿನ ಮಳೆಯೂ ಹೆಚ್ಚುತ್ತದೆ. ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಯ ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುವಾಗ ಹೊರಗೆ ಕಡಲಿನೊಳಗೆ ಈ ಮಳೆ ಜೋರಾಗಿ ಸುರಿಯುತ್ತಿರುತ್ತದೆ.

ದೊಡ್ಡ ಮಕ್ಕಳಾದರೆ ಇದನ್ನೂ ಹೇಳಿ. ನಾವು ಸುಡುವ ಡೀಸೆಲ್, ಕಲ್ಲಿದ್ದಲಿನ ಕಾರ್ಬನ್ ಡೈಆಕ್ಸೈಡಿನ ಕಾಲು ಭಾಗದಷ್ಟನ್ನು ಕಡಲು ಹೀರಿಕೊಳ್ಳುತ್ತಿದೆ. ಕೈಗಾರಿಕೆ ಶುರುವಾದಲ್ಲಿಂದ ಮೇಲ್ಮೈ ನೀರಿನ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಚಿಕ್ಕ ಅಂಕೆ ಅನಿಸುತ್ತದೆ. ಆದರೆ ಪಿಎಚ್ ಲೆಕ್ಕ ಹತ್ತರ ಪಟ್ಟಿನದ್ದು, ನೀರನ್ನು ಆಸಿಡ್ ಮಾಡುವ ಹೈಡ್ರೋಜನ್ ಅಯಾನು ಸುಮಾರು ನೂರಕ್ಕೆ 30ರಷ್ಟು ಹೆಚ್ಚಿದ ಹಾಗೆ. ಲೋಟದಲ್ಲಿ ನೋಡಿದ ಕೆಲಸ ಈಗ ಮೇಲಿನಿಂದಲೂ ಶುರುವಾಗಿದೆ. ಮೊದಲು ತೊಂದರೆಯಾಗುವುದು ಅರಾಗೊನೈಟ್ ಅನ್ನುವ ಬಗೆಯ ಚಿಪ್ಪಿಗೆ. ಅದು ಕ್ಯಾಲ್ಸೈಟಿಗಿಂತ ಬೇಗ ಕರಗುತ್ತದೆ. ಹವಳ ಅರಾಗೊನೈಟ್. ಬೊಂಡಾಸ್ (ಕಟಲ್‌ಫಿಶ್) ಕೊಯ್ಯುವಾಗ ಬೆನ್ನಿನಿಂದ ಸಿಗುವ ಆ ಹಗುರ ಬಿಳಿ ಎಲುಬೂ ಅರಾಗೊನೈಟ್. ಇದನ್ನು ಹೇಳುವಾಗ ಮಕ್ಕಳನ್ನು ಹೆದರಿಸಬೇಡಿ, ಆದರೆ ಮುಚ್ಚಿಡಲೂ ಬೇಡಿ. ಅವರ ಮನೆಯ ಅನ್ನ ಆ ಕಡಲಿನಿಂದಲೇ ಬರುವುದು.

ಹಗ್ಗ ಸುತ್ತುವ ಹೊತ್ತಿಗೆ ಆ ಹುಡುಗ ಮತ್ತೆ ಬಂದ. "ಹಾಗಾದ್ರೆ ಕರಗಿದ್ದು ಎಲ್ಲಿ ಹೋಯ್ತು?"

ನೀರಿನಲ್ಲೇ ಇದೆ, ನೀರು ಮೇಲೆ ಬಂದಾಗ ಅದೂ ಬರುತ್ತದೆ, ಆದರೆ ನೂರಾರು ವರ್ಷ ಆಗಬಹುದು ಅಂದೆ. ಅವನು ಕೆಂಪು ಬಟ್ಟೆ ಬಿಚ್ಚಿ ಜೇಬಿಗೆ ಹಾಕಿಕೊಂಡ, ಅಪ್ಪನಿಗೆ ತೋರಿಸಬೇಕಂತೆ. ಹಾಗಾಗಿ ಬಟ್ಟೆಯ ಚೂರು ಎರಡೆರಡು ಇಟ್ಟುಕೊಳ್ಳಿ. ಉಳಿದ ಸುಣ್ಣದ ತಿಳಿಯನ್ನು ತುಂಬಾ ನೀರು ಬೆರೆಸಿ ತೆಂಗಿನ ಬುಡಕ್ಕೆ ಹಾಕಿ, ಗಸಿಯನ್ನು ಬಚ್ಚಲಿಗೆ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಸೋಡಾದಲ್ಲಿದ್ದ ಚಿಪ್ಪಿನ ಚೂರನ್ನು ತಾರೀಕು ಬರೆದು ಪೊಟ್ಟಣ ಕಟ್ಟಿಡಿ. ಮುಂದಿನ ವರ್ಷ ಅದೇ ಚೂರನ್ನು ಇನ್ನೂ ನಾಲ್ಕು ದಿನ ಹಾಕಬಹುದು.